ಅತ್ತೆ ತುಂಬಿಸಿಕೊಂಡ ಗುಳಿ

ಯಶೋಮತಿ ಡಾಕ್ಟರು ನಮ್ಮೂರಿಗೆ ಬಂದು, ಬಸ್ ಸ್ಟ್ಯಾಂಡಿನ ಹಿಂದಿನ ಹಿಟ್ಟಿನ ಗಿರಣಿಯ ಮಹಡಿಯಲ್ಲಿ ಬೋರ್ಡು ಹಾಕಿಸಿದ ದಿನ ಅದನ್ನು ಓದಿ ಮೊದಲು ನಕ್ಕವಳು ನಾನೇ. ‘ಮುಖದ ಗುಳಿಗಳಿಗೆ ಇಂಜೆಕ್ಷನ್ ಚಿಕಿತ್ಸೆ’ ಎಂದು ಬರೆಸಿದ್ದರು. ಪಾಪ, ಹೊರಗಿನವರು. ಅವರ ಕಡೆ ವಯಸ್ಸಾದರೆ ಕೆನ್ನೆ ಒಳಗೆ ಹೋಗುತ್ತದಂತೆ. ನಮ್ಮೂರಲ್ಲಿ ವಯಸ್ಸಿಗೆ ಮುಖ ಇಳಿಯುವುದಿಲ್ಲ. ನಮ್ಮವರು ಯಾರಾದರೂ ಸತ್ತರೆ ಮಾತ್ರ ಗುಳಿ ಬೀಳುತ್ತದೆ. ತಾಯಿ ತಂದೆ ಹೋದರೆ ಗಲ್ಲದ ಪಕ್ಕ, ಗಂಡನೋ ಹೆಂಡತಿಯೋ ಹೋದರೆ ಕೆನ್ನೆಯಲ್ಲಿ, ಮಗ ಹೋದರೆ ಕಣ್ಣಿಗೂ ಕಿವಿಗೂ ನಡುವಿನ ಎಡಗಣತಲೆಯಲ್ಲಿ, ಮಗಳು ಹೋದರೆ ಬಲಗಡೆ. ಸತ್ತವರು ಪಕ್ಕದ ಕೋಣೆಯಲ್ಲಿ ಸಾಯಲಿ, ಸಾವಿರ ಮೈಲಿ ಆಚೆ ಸಾಯಲಿ, ಒಂದೇ ರಾತ್ರಿಯಲ್ಲಿ ಮುಖಕ್ಕೆ ಸುದ್ದಿ ಬಂದುಬಿಡುತ್ತದೆ. ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುವ ಹೆಣ್ಣುಮಕ್ಕಳನ್ನು ನಮ್ಮಲ್ಲಿ ‘ಏ, ಹಲ್ಲು ಮುಚ್ಚೇ’ ಎಂದು ಗದರಿಸಿ ಕೂರಿಸುತ್ತಾರೆ.

ಸತ್ತವರ ಮೇಲೆ ಮನಸ್ಸಿದ್ದವರಿಗೆ ಮಾತ್ರ ಗುಳಿ ಬೀಳುತ್ತದೆ. ಇದು ಇಡೀ ಊರಿಗೆ ಗೊತ್ತಿರುವುದರಿಂದಲೇ ನಮಗೆ ಇಷ್ಟೆಲ್ಲ ಪಾಡು. ಅಗಸರ ಬೀದಿಯ ಶೀಬಮ್ಮನ ಗಂಡ ಸತ್ತಾಗ ಅವಳ ಕೆನ್ನೆ ತುಂಬಿಕೊಂಡೇ ಇತ್ತು. ಎದೆ ಎದೆ ಬಡಿದುಕೊಂಡು ಅತ್ತಳು, ಅನ್ನ ಬಿಟ್ಟಳು, ಏನು ಮಾಡಿದರೂ ಕೆನ್ನೆ ಬೀಳಲಿಲ್ಲ. ಅವತ್ತಿನಿಂದ ಅವಳಿಗೆ ಉಬ್ಬುಗೆನ್ನೆಯವಳು ಎಂದೇ ಹೆಸರಾಯಿತು. ನೀರಿನ ಟ್ಯಾಂಕಿನ ಹತ್ತಿರ ಅವಳ ಕೊಡದ ಪಕ್ಕ ಯಾರೂ ತಮ್ಮ ಕೊಡ ಇಡುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನಾನೂ ಇಡುತ್ತಿರಲಿಲ್ಲ.

ಗುಳಿ ಬಿದ್ದ ಹನ್ನೊಂದನೆಯ ದಿನಕ್ಕೆ ಹೆಬ್ಬೆಟ್ಟಿಡುವ ಕೆಲಸ. ಗುಳಿ ಬಿದ್ದವರನ್ನು ಅಂಗಳದಲ್ಲಿ ಮಣೆಯ ಮೇಲೆ ಕೂರಿಸುತ್ತಾರೆ. ಮುದುಕ ಕಾಟಜ್ಜ ಹರಳೆಣ್ಣೆಯ ಬಟ್ಟಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತಾನೆ. ಬಂದವರೆಲ್ಲ ಹೆಬ್ಬೆಟ್ಟನ್ನು ಎಣ್ಣೆಯಲ್ಲಿ ಅದ್ದಿ, ಆ ಗುಳಿಯಲ್ಲಿಟ್ಟು, ಸತ್ತವರ ಹೆಸರನ್ನು ಒಂದು ಸಲ ಗಟ್ಟಿಯಾಗಿ ಹೇಳಿ ಹೋಗುತ್ತಾರೆ. ಇಷ್ಟೇ. ಮಂತ್ರವಿಲ್ಲ, ಊಟವಿಲ್ಲ. ಆದರೆ ಅದಾಗುವ ತನಕ ಗುಳಿ ಬಿದ್ದವರಿಗೆ ನಿದ್ದೆ ಹತ್ತುವುದಿಲ್ಲ. ಊರಿನ ಬಾಯಲ್ಲಿ ಹೆಸರು ಬಂದ ಮೇಲೇ ಹೋದ ಜೀವ ಹೋಗುವುದು ಎಂದು ನಮ್ಮ ನಂಬಿಕೆ.

ಎರಡು ತಿಂಗಳು ಡಾಕ್ಟರು ನೊಣ ಹೊಡೆಯುತ್ತ ಕೂತರು. ಆಮೇಲೆ ಒಬ್ಬೊಬ್ಬರೇ ಮೆಟ್ಟಿಲು ಹತ್ತತೊಡಗಿದರು. ಮೊದಲು ಬಂದದ್ದು ಮರುಳಪ್ಪ ಮೇಷ್ಟ್ರು. ಪಾಪ, ಅವರ ಮುಖದಲ್ಲಿ ಏಳು ಗುಳಿ, ಒಂದನೇ ತರಗತಿಯ ಮಕ್ಕಳು ಅವರನ್ನು ನೋಡಿ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದವು. ಕೆಲಸದವಳು ಬೇಕು ಎಂದು ಕೇಳಿ ನಾನು ಹೋದೆ. ಡಾಕ್ಟರು ನನ್ನ ಬೆರಳುಗಳನ್ನು ಹಿಡಿದು ನೋಡಿ, “ಮುಖ ಒತ್ತೋಕೆ ಬರುತ್ತಾ ಓಬಳಮ್ಮ?” ಎಂದರು. “ರೊಟ್ಟಿ ತಟ್ಟೋ ಕೈ ಮೇಡಂ, ಏನು ಕೊಟ್ರೂ ಒತ್ತುತ್ತೆ” ಎಂದೆ.

ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿಟ್ಟು, ಆ ನೀರನ್ನು ಗುಳಿಯ ಕೆಳಗೆ ಚುಚ್ಚುತ್ತಿದ್ದರು. “ಇದು ಚೀಲಕ್ಕೆ ಹಿಟ್ಟು ತುಂಬಿದ ಹಾಗೆ ತುಂಬೋ ಮದ್ದಲ್ಲ” ಎಂದು ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದರು. “ಚರ್ಮದ ಕೆಳಗೆ ಕೊಲಾಜನ್ ಅಂತ ಇರುತ್ತೆ, ಮುಖಾನ ಹಿಡಿದು ನಿಲ್ಲಿಸೋದೇ ಅದು. ಈ ಪುಡಿ ಒಳಗೆ ಹೋಗಿ ಅದನ್ನ ಕೆಣಕುತ್ತೆ. ಪುಡಿ ಕರಗಿ ಹೋಗುತ್ತೆ. ತುಂಬಿಕೊಳ್ಳೋದು ನಿಮ್ಮ ಮೈಯೇ, ಅದೂ ನಿಧಾನಕ್ಕೆ, ತಿಂಗಳುಗಟ್ಟಲೆ.” ಚುಚ್ಚಿದ ದಿನ ನೀರಿಗೆ ಮುಖ ಉಬ್ಬುತ್ತದೆ, ಜನ ಹಿಗ್ಗುತ್ತಾರೆ. ಮೂರನೇ ದಿನಕ್ಕೆ ನೀರು ಇಳಿದು ಗುಳಿ ಮತ್ತೆ ಕಾಣುತ್ತದೆ, ಮೋಸ ಮೋಸ ಎಂದು ಮೆಟ್ಟಿಲು ಹತ್ತಿ ಬಂದು ಕೂಗಾಡುತ್ತಾರೆ. ಅವರನ್ನು ಸಮಾಧಾನ ಮಾಡಿ ಕಳಿಸುವುದೂ ನನ್ನದೇ ಕೆಲಸ. ತಿಂಗಳು ಬಿಟ್ಟು ಒಂದೊಂದರಂತೆ ಮೂರು ಸಲ ಚುಚ್ಚಿಸಿಕೊಳ್ಳಬೇಕು. ಪ್ರತಿ ಸಲವೂ ಐದು ದಿನ, ದಿನಕ್ಕೆ ಐದು ಸಲ, ಸಲಕ್ಕೆ ಐದು ನಿಮಿಷ ಆ ಜಾಗವನ್ನು ಒತ್ತಬೇಕು. ಒತ್ತದೆ ಬಿಟ್ಟರೆ ಒಳಗೆ ಗಂಟು ಕಟ್ಟುತ್ತದೆ. ಗಡಿಯಾರ ನೋಡಲು ಬಾರದವರಿಗೆ ನಾನೇ ಒಂದು ಉಪಾಯ ಮಾಡಿದೆ. ಅಗರಬತ್ತಿಯನ್ನು ಐದು ನಿಮಿಷಕ್ಕೆ ಉರಿಯುವಷ್ಟು ಉದ್ದಕ್ಕೆ ಮುರಿದು ಕಟ್ಟುಕಟ್ಟಿ ಕೊಡುತ್ತಿದ್ದೆ. ತುಂಡು ಹಚ್ಚು, ಆರುವ ತನಕ ಒತ್ತು.

ನಮ್ಮ ಜನದ ಹೆಬ್ಬೆಟ್ಟು ಗುಳಿಗೆ ಮುಟ್ಟಿತೋ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಮರೆಯಲೆಂದು ಬಂದವರು ಕುರ್ಚಿಯ ಮೇಲೆ ಕೂತು ‘ಅವ್ವಾ, ಅವ್ವಾ’ ಎಂದು ಐದು ನಿಮಿಷ ಒತ್ತುತ್ತಿದ್ದರು. ಮರುಳಪ್ಪ ಮೇಷ್ಟ್ರು ಏಳು ಹೆಸರನ್ನು ಹಾಜರಿ ಕೂಗಿದ ಹಾಗೆ ಕೂಗುತ್ತಿದ್ದರು. ಒಂಟಿ ಮುದುಕಿಯರಿಗೆ ನಾನು ಒತ್ತುವಾಗ ನನ್ನ ಬಾಯಲ್ಲೂ ಕಂಡು ಕೇಳರಿಯದವರ ಹೆಸರು ಬರುತ್ತಿತ್ತು. ಡಾಕ್ಟರು ಮೊದಮೊದಲು ಬೆಪ್ಪಾಗಿ ನಿಂತು ನೋಡುತ್ತಿದ್ದರು, ಆಮೇಲೆ ಅವರಿಗೂ ರೂಢಿಯಾಯಿತು.

ಇನ್ನು ನನ್ನ ಮನೆಯ ಕಥೆ. ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ನನ್ನ ಅತ್ತೆ ಹೊನ್ನಾಜಮ್ಮ. ನನ್ನ ಗಂಡ, ಅವರ ಒಬ್ಬನೇ ಮಗ, ಕೊಳವೆಬಾವಿ ಕೊರೆಯುವ ಲಾರಿಯ ಜೊತೆ ಹೋದವನು. ಮದುವೆಯಾಗಿ ಹನ್ನೊಂದು ತಿಂಗಳಿಗೆ ಹೋದ. ಒಂದು ವರ್ಷ ಅಲ್ಲಿಂದ ಇಲ್ಲಿಂದ ಫೋನು ಬಂತು, ಆಮೇಲೆ ಅದೂ ನಿಂತಿತು. ಅವನು ಹೋಗಿ ಒಂಬತ್ತು ವರ್ಷ. ದಿನಾ ಬೆಳಿಗ್ಗೆ ಎದ್ದ ಕೂಡಲೇ ನಾವಿಬ್ಬರೂ ಮಾತಿಗೆ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ನಾನು ಅವರ ಎಡಗಣತಲೆ ನೋಡುತ್ತಿದ್ದೆ, ಅವರು ನನ್ನ ಕೆನ್ನೆ ನೋಡುತ್ತಿದ್ದರು. ಎರಡೂ ತುಂಬಿಕೊಂಡಿದ್ದರೆ, ಸರಿ, ಬದುಕಿದ್ದಾನೆ. “ಇವತ್ತೂ ಬದುಕವ್ನೆ ಮೂಳ” ಎಂದು ಅತ್ತೆ ಒಲೆ ಹಚ್ಚಲು ಹೋಗುತ್ತಿದ್ದರು. ಮೊದಲ ವರ್ಷಗಳಲ್ಲಿ ಆ ಮಾತು ಕೇಳಿ ನನಗೆ ಎದೆ ಹಗುರಾಗುತ್ತಿತ್ತು. ಕಡೆಕಡೆಗೆ, ಬದುಕಿದ್ದರೆ ಬದುಕಿಕೊಳ್ಳಲಿ, ನನಗೇನು, ಹಿಟ್ಟು ಕಲಸಬೇಕು ಎನ್ನುವ ಹಾಗಾಗಿತ್ತು. ಅದನ್ನು ಅತ್ತೆಗೆ ಎಂದೂ ಹೇಳಲಿಲ್ಲ.

ಯುಗಾದಿ ಕಳೆದ ಎರಡನೇ ಭಾನುವಾರ ನಾನೇ ಒಲೆ ಹಚ್ಚಿ ಕೂತಿದ್ದೆ, ಅತ್ತೆ ತಲೆಗೆ ಬಟ್ಟೆ ಬಿಗಿದುಕೊಂಡು ಬಂದರು. “ಅರೆತಲೆನೋವು ಕಣೆ, ಕಣ್ಣು ಬಿಡಾಕಾಗಾಕಿಲ್ಲ” ಎಂದರು. “ಬಟ್ಟೆ ಬಿಚ್ಚಿ ಅತ್ತೆ, ನೋಡ್ಬೇಕು” ಎಂದೆ. “ಗಾಳಿ ಸೋಕಿದ್ರೆ ಪ್ರಾಣ ಹೋಯ್ತದೆ, ನಾಳೆ ನೋಡ್ವಂತೆ” ಎಂದು ಗೋಡೆ ಕಡೆ ಮಗ್ಗುಲಾದರು. ಮಾರನೇ ದಿನ ಸೋಮವಾರ, ನನಗೆ ರಜೆ, ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಅವರೇ ಬಟ್ಟೆ ಬಿಚ್ಚಿ ಹೊಸ್ತಿಲ ಮೇಲೆ ಕೂತಿದ್ದರು. “ನೋಡವ್ವ, ಕಣ್ತುಂಬ ನೋಡು” ಎಂದು ಎಡಗಡೆ ತೋರಿಸಿದರು. ತುಂಬಿತ್ತು. ಇನ್ನೂ ಸ್ವಲ್ಪ ಜಾಸ್ತಿಯೇ ತುಂಬಿತ್ತು. ಎರಡು ದಿನ ಬಿಟ್ಟು ಮತ್ತೆ ತಲೆನೋವು, ಮತ್ತೆ ಬಟ್ಟೆ. ಮೂರನೇ ದಿನಕ್ಕೆ ನೀರು ಇಳಿಯುತ್ತದೆ ಎಂದು ಊರಿಗೆಲ್ಲ ಹೇಳಿ ಕಳಿಸುವ ನನ್ನ ಕಣ್ಣಿಗೇ ಮಣ್ಣು ಬಿದ್ದಿತ್ತು. ಆಮೇಲೆ ತಲೆನೋವು ಅವರಿಗೆ ಖಾಯಂ ಆಯಿತು, ನಾನು ಕೇಳುವುದನ್ನೂ ಬಿಟ್ಟೆ. ಈಗ ಅನ್ನಿಸುತ್ತದೆ, ನನಗೆ ನೋಡುವ ಆತುರವೇ ಉಳಿದಿರಲಿಲ್ಲ.

ಆಷಾಢ ಕಳೆದ ಮೇಲೆ ಡಾಕ್ಟರು ಯಾವುದೋ ಸಭೆಗೆಂದು ಕ್ಲಿನಿಕ್ಕಿಗೆ ನಾಲ್ಕು ದಿನ ಬೀಗ ಹಾಕಿ ಹೋದರು. ನಾನು ಮನೆಯಲ್ಲೇ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ. ಒಳಕೋಣೆಯಿಂದ ಅತ್ತೆಯ ದನಿ ಕೇಳಿಸಿತು. “ಹಾಲೇಶಾ, ಹಾಲೇಶಾ.” ಮಗನನ್ನು ನೆನೆಸಿಕೊಂಡು ಹೀಗೆ ಗೊಣಗುವುದು ಅವರಿಗೆ ಹಳೆಯ ಅಭ್ಯಾಸ. ಎಷ್ಟೋ ಬೆಳಿಗ್ಗೆ ಕೇಳಿಯೂ ಕೇಳದ ಹಾಗೆ ನಾನು ಕೆಲಸಕ್ಕೆ ಹೋಗಿದ್ದೇನೆ. ಅವತ್ತು ಸ್ವಲ್ಪ ಹೊತ್ತಿಗೆ ನಿಂತಿತು. ಹನ್ನೊಂದು ಗಂಟೆಗೆ ಮತ್ತೆ. ಮಧ್ಯಾಹ್ನ ಉಂಡ ಮೇಲೆ ಮತ್ತೆ. ಪ್ರತಿ ಸಲವೂ ದನಿಗೆ ಮೊದಲು ಅಗರಬತ್ತಿಯ ವಾಸನೆ ಬರುತ್ತಿತ್ತು, ವಾಸನೆ ತಿಳಿಯಾದ ಕೂಡಲೇ ದನಿಯೂ ನಿಲ್ಲುತ್ತಿತ್ತು. ನಾಲ್ಕನೇ ಸಲಕ್ಕೆ ನನ್ನ ಕೈಯಲ್ಲಿದ್ದ ಹುಣಸೆಬೀಜ ಜಾರಿ ಬಿದ್ದವು. ದೀಪ ಹಚ್ಚುವ ಹೊತ್ತಿಗೆ ಐದನೇ ಸಲ ಶುರುವಾಯಿತು. ನಾನು ಎದ್ದು ಹೋಗಿ ಬಾಗಿಲು ತಳ್ಳಿದೆ.

ಅತ್ತೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಬಟ್ಟೆ ಪಕ್ಕದಲ್ಲಿ ಬಿದ್ದಿತ್ತು. ಹೆಬ್ಬೆಟ್ಟು ಎಡಗಣತಲೆಯ ಮೇಲಿತ್ತು, ಕಣ್ಣು ಮುಚ್ಚಿತ್ತು. ಮುಂದೆ ನಾನು ಮುರಿದು ಕೊಟ್ಟಷ್ಟೇ ಉದ್ದದ ಅಗರಬತ್ತಿಯ ತುಂಡು ಉರಿಯುತ್ತಿತ್ತು. ನಾನು ಬಂದದ್ದು ತಿಳಿದರೂ ಅವರು ತಿರುಗಲಿಲ್ಲ. “ತಡಿ, ಬತ್ತಿ ಇನ್ನೂ ಉರೀತೈತೆ” ಎಂದರು. ನಾನು ಅಲ್ಲೇ ನೆಲದ ಮೇಲೆ ಕೂತೆ. ತುಂಡು ಬೂದಿಯಾಗುವ ತನಕ ಅವರು ಮಗನ ಹೆಸರು ಹೇಳಿದರು.

“ಯಾವತ್ತು ಅತ್ತೆ?” ಎಂದೆ. “ಆ ಭಾನುವಾರ” ಎಂದರು. “ನಾಲ್ಕು ತಿಂಗಳಾಯ್ತಲ್ಲ! ನಾಲ್ಕು ತಿಂಗಳು ನನ್ನ ಹತ್ರ ಮುಚ್ಚಿಟ್ರಲ್ಲ!” ಎಂದು ನಾನು ಕೂಗಿದೆ. ಕೂಗುತ್ತಿರುವಾಗಲೇ ನನ್ನ ಕೈ ತಾನಾಗಿ ಕೆನ್ನೆಗೆ ಹೋಯಿತು. ಕೆನ್ನೆ ತುಂಬಿತ್ತು. ಗಂಡ ಸತ್ತು ನಾಲ್ಕು ತಿಂಗಳಾಗಿತ್ತು, ನನ್ನ ಕೆನ್ನೆ ಬೆಣ್ಣೆಮುದ್ದೆಯ ಹಾಗೆ ತುಂಬಿಕೊಂಡಿತ್ತು. ಕೈ ತೆಗೆಯಲೂ ಆಗದೆ, ಇಡಲೂ ಆಗದೆ, ಅವರ ಮುಂದೆ ಹಾಗೇ ಕೂತೆ.

“ಅವತ್ತು ಮುಖ ತೊಳೆಯಾಕೆ ಕೈಯಿಟ್ಟೆ, ಬೆರಳು ಒಳಕ್ಕೆ ಹೋಯ್ತು” ಎಂದರು ಅತ್ತೆ. “ನಿನ್ನ ಕೂಗಾಣ ಅಂತ ಬಂದೆ. ನೀನು ಒಲೆ ಮುಂದೆ ಕೂತಿದ್ದೆ. ಉರಿ ಬೆಳಕು ನಿನ್ನ ಕೆನ್ನೆ ಮ್ಯಾಲೆ ಬಿದ್ದಿತ್ತು. ನೋಡ್ದೆ. ಏನೂ ಆಗಿರಲಿಲ್ಲ. ಸುಳ್ಳು ಹೇಳಾಕಿಲ್ಲ ಕಣೆ ಓಬಿ, ಮೊದ್ಲು ಮೈಯೆಲ್ಲಾ ಉರಿದೋಯ್ತು. ನನ್ ಮಗ ಸತ್ರೂ ಇವಳಿಗೇನೂ ಅನಿಸಲಿಲ್ವಲ್ಲ, ಎಂಥಾ ಕಲ್ಲು ಇವಳು ಅಂದ್ಕೊಂಡೆ. ನಿನ್ ಕೂಡೆ ಮಾತೇ ಬ್ಯಾಡ ಅಂತ ತಲೆಗೆ ಬಟ್ಟೆ ಬಿಗಿದ್ಕೊಂಡು ಬಂದು ಮಲಗ್ದೆ. ಅಷ್ಟೊತ್ತಿಗೆ ನೀನು ರೊಟ್ಟಿ ತಂದಿಟ್ಟೆ. ನನಗೆ ಹಲ್ಲಿಲ್ಲ ಅಂತ ಅಂಚು ಕಿತ್ತು ನೀನಿಟ್ಕೊಂಡು ಮೆತ್ತಂದು ನನಗೆ ಕೊಟ್ಟೆ. ದಿನಾ ಕೊಡ್ತೀಯ. ಅವತ್ತೇ ನೋಡಿದ್ದು ನಾನು. ಒಂಬತ್ತು ವರ್ಷದಾಗೆ ಅವನು ನಿನಗೆ ಏನು ಕೊಟ್ಟ, ನಿನ್ ಕೆನ್ನೆ ಬೀಳಾಕೆ?” ಅವರು ಮೂಗು ಒರೆಸಿಕೊಂಡರು. “ನನ್ನ ಗುಳಿ ಊರು ನೋಡಿದ್ರೆ ನಿನ್ನ ಕೆನ್ನೇನೂ ನೋಡ್ತದೆ. ಶೀಬಮ್ಮಂಗೆ ಮಾಡಿದ್ದು ನಿನಗೂ ಮಾಡ್ತಾರೆ. ಅದಕ್ಕೇ ಮೂರು ಸಲಾನೂ ನೀನು ಸಂತೆಗೆ ಹೋದಾಗ ಡಾಕ್ಟರಮ್ಮನ ಹತ್ರ ಹೋಗಿ ತುಂಬಿಸ್ಕೊಂಡೆ. ಸೂಜಿ ಮುಗಿದ್ರೂ ಒತ್ತೋದು ಬಿಡಾಕಾಗಲಿಲ್ಲ.”

ಅವತ್ತು ರೊಟ್ಟಿ ಇಬ್ಬರಿಗೂ ಇಳಿಯಲಿಲ್ಲ. ನಾನು ಅತ್ತುಬಿಟ್ಟೆನೆಂದು ಯಾರೂ ತಿಳಿಯಬೇಡಿ, ನನಗೆ ಅಳು ಬರಲಿಲ್ಲ. ನನ್ನ ಮೇಲೇ ಹೇಸಿಗೆಯಾಯಿತು. ಹಾಲೇಶನ ಮುಖವನ್ನು ನೆನೆಸಿಕೊಳ್ಳಲು ಕೂತೆ. ಲಾರಿ ಹತ್ತುವಾಗ ಹಾಕಿದ್ದ ಚೌಕಳಿ ಶರಟು ನೆನಪಾಯಿತು, ಮೂಗು ನೆನಪಾಗಲಿಲ್ಲ. ನಾನು ಅವನನ್ನು ಒಂದೇ ದಿನ ಕಳೆದುಕೊಂಡಿರಲಿಲ್ಲ. ಫೋನು ಬಾರದ ಒಂದೊಂದು ತಿಂಗಳೂ ಅವನು ಸ್ವಲ್ಪ ಸ್ವಲ್ಪ ಹೋಗಿದ್ದ, ಸ್ವಲ್ಪ ಸ್ವಲ್ಪವೇ ನನ್ನ ಮೈ ಅದನ್ನು ತುಂಬಿಕೊಂಡುಬಿಟ್ಟಿತ್ತು, ಯಾವ ಸೂಜಿಯೂ ಇಲ್ಲದೆ. ಅವನು ನಿಜವಾಗಿ ಸತ್ತ ದಿನ ಬೀಳುವುದಕ್ಕೆ ನನ್ನಲ್ಲಿ ಏನೂ ಉಳಿದಿರಲಿಲ್ಲ. ಇದನ್ನು ಯಾರಿಗೆ ಹೇಳಿದರೆ ಅರ್ಥವಾಗುತ್ತದೆ?

ಮೂರು ದಿನ ಹೀಗೇ ಕಳೆಯಿತು. ಅತ್ತೆ ಮಲಗುತ್ತಿರಲಿಲ್ಲ ಎಂಬುದನ್ನು ನಾನು ಆಗ ಗಮನಿಸಿದೆ. ಚಾಪೆಯ ಮೇಲೆ ಕೂತೇ ಇರುತ್ತಿದ್ದರು. ನಾಲ್ಕು ತಿಂಗಳಿಂದ ಹೀಗೇ ಕೂತಿದ್ದರಂತೆ. ಕೇಳಿದ್ದಕ್ಕೆ, “ಊರಿನ ಬಾಯಾಗೆ ಅವನ ಹೆಸರು ಒಂದ್ಸಲ ಬರಲಿಲ್ವಲ್ಲ. ಎಲ್ಲಿ ನಿಂತವ್ನೋ, ಯಾವ ಬಿಸಿಲಾಗೆ ನಿಂತವ್ನೋ” ಎಂದು ಹೇಳಿ, ಹೇಳಬಾರದಿತ್ತೆಂಬಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆ ಮುದುಕಿಗೆ ಎಪ್ಪತ್ತೆಂಟು. ನನ್ನ ಮರ್ಯಾದೆಗಾಗಿ ಮಗನ ಸಾವನ್ನು ಚರ್ಮದ ಕೆಳಗೆ ಮುಚ್ಚಿಟ್ಟು ಕೂತಿದ್ದರು. “ಹೆಬ್ಬೆಟ್ಟಿಡಿಸೋಣ ಅತ್ತೆ” ಎಂದೆ. “ಹುಚ್ಚು ಗಿಚ್ಚು ಹಿಡೀತಾ ನಿಂಗೆ? ನಿನ್ ಮುಖ ನೋಡ್ತಾರೆ ಕಣೆ” ಎಂದರು. “ನೋಡ್ಲಿ ಬಿಡಿ” ಎಂದು ಎದ್ದು ಕಾಟಜ್ಜನನ್ನು ಕರೆತಂದೆ.

ಕಾಟಜ್ಜ ಅತ್ತೆಯ ಎಡಗಣತಲೆಯನ್ನು ಸವರಿ ಸವರಿ ನೋಡಿದ. “ಎಲ್ಲೈತವ್ವ ಗುಳಿ? ನುಣ್ಣಗೈತಲ್ಲ!” ಎಂದ. ಅತ್ತೆ ಡಾಕ್ಟರ ಹತ್ತಿರ ಹೋದದ್ದನ್ನು ಹೇಳಿದರು. ಅವನು ನಂಬಲಿಲ್ಲ. ತಿರುಗಿ ನನ್ನ ಮುಖ ನೋಡಿದ. “ಸೊಸೆ ಕೆನ್ನೇನೂ ತುಂಬೈತೆ. ಹಂಗಾರೆ ಅವನು ಗಟ್ಟಿಯಾಗವ್ನೆ. ಹೊನ್ನಾಜಿ, ವಯಸ್ಸಾಯ್ತು ನಿಂಗೆ, ಏನೇನೋ ಕನಸು ಬೀಳ್ತವೆ. ಗುಳಿ ಇಲ್ದೆ ಹೆಬ್ಬೆಟ್ಟು ಎಲ್ಲಿಡಾನ? ಬದುಕಿರೋನ ಹೆಸರು ಕೂಗಿದ್ರೆ ಅವನಿಗೆ ಕೇಡು ತಟ್ತೈತೆ.” ಕೋಲು ಎತ್ತಿಕೊಂಡು ಹೊರಟೇ ಹೋದ. ಅತ್ತೆ ಗೋಡೆಗೆ ಒರಗಿ, ತುಂಬಿದ ಜಾಗವನ್ನು ಉಗುರಿನಿಂದ ಕೆರೆಯತೊಡಗಿದರು. ನಾನು ಕೈ ಹಿಡಿದು ನಿಲ್ಲಿಸುವಷ್ಟರಲ್ಲಿ ರಕ್ತ ಬಂದಿತ್ತು.

ಮಾರನೇ ದಿನ ಡಾಕ್ಟರು ಬೀಗ ತೆಗೆಯುವ ಮೊದಲೇ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನ ಮನೆಯ ಹೆಂಗಸಿಗೆ ನನ್ನ ಬೆನ್ನ ಹಿಂದೆ ಚುಚ್ಚಿದ್ದೀರಲ್ಲ, ನಿಮ್ಮ ಕೈ ಸೇದಿಹೋಗ ಎಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. “ಸೊಸೆಗೆ ಹೇಳಬಾರದು ಅಂತ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡರು ಓಬಳಮ್ಮ. ವಯಸ್ಸಾದೋರು, ಹೇಗೆ ಇಲ್ಲ ಅನ್ನಲಿ?” ಎಂದರು. “ಹಂಗಾರೆ ಈಗ ತೆಗೀರಿ. ಏನಾದ್ರೂ ಚುಚ್ಚಿ ಕರಗಿಸಿ” ಎಂದೆ. ಡಾಕ್ಟರು ತಲೆಯಾಡಿಸಿದರು. “ಕರಗಿಸೋ ಸೂಜಿ ಬೇರೆ ಥರದ ಮದ್ದಿಗೆ ಇದೆ, ಇದಕ್ಕಿಲ್ಲ. ಈಗ ಅಲ್ಲಿರೋದು ಮದ್ದಲ್ಲ, ಅವರದೇ ಮೈ. ತಾನಾಗಿ ಇಳಿಯೋಕೆ ಎರಡು ವರ್ಷ ಆಗಬಹುದು.” ಎರಡು ವರ್ಷ ನಿದ್ದೆಯಿಲ್ಲದೆ ಕೂತಿರಲು ಅತ್ತೆಗೆ ಆಗುತ್ತದೆಯೇ? ನಾನು ಮೆಟ್ಟಿಲ ಮೇಲೆ ಮತ್ತೆ ಕೂತುಬಿಟ್ಟೆ.

ಡಾಕ್ಟರು ಒಳಗೆ ಹೋಗಿ ಕಂಪ್ಯೂಟರು ಹಾಕಿದರು. ಚುಚ್ಚುವ ಮೊದಲು ಎಲ್ಲರ ಮುಖದ ಫೋಟೋ ತೆಗೆದಿಡುವುದು ಅವರ ಪದ್ಧತಿ. ಆ ಸೋಮವಾರದ ಫೋಟೋ ತೆರೆದರು. ಅತ್ತೆ ಬಲಕ್ಕೆ ತಿರುಗಿ ಕೂತಿದ್ದರು. ಎಡ ಹುಬ್ಬಿನ ಪಕ್ಕ ಒಂದು ಅಡಿಕೆ ಇಡಬಹುದಾದಷ್ಟು ಆಳದ ಗುಳಿ. ತುಟಿ ಬಿಗಿದಿತ್ತು. ಒಂದು ಕೈ ಕುತ್ತಿಗೆಯ ಹತ್ತಿರ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು, ನಾನು ಸಂತೆಯಿಂದ ಬರುವಷ್ಟರಲ್ಲಿ ಮುಗಿಯಬೇಕೆಂಬ ಅವಸರ ಮುಖದಲ್ಲಿ ಕಾಣುತ್ತಿತ್ತು. ಆಗ ನನಗೆ ಅಳು ಬಂತು. ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅತ್ತದ್ದು ಅವನಿಗಲ್ಲ, ಅವಳಿಗೆ. ನನ್ನ ಅತ್ತೆಯನ್ನು ನಾನು ಅವಳು ಎಂದು ಅಂದದ್ದು ಅದೇ ಮೊದಲು. ಡಾಕ್ಟರು ಆ ಫೋಟೋವನ್ನು ದೊಡ್ಡದಾಗಿ ಕಾಗದದ ಮೇಲೆ ತೆಗೆದುಕೊಟ್ಟರು.

ಕಾಟಜ್ಜನ ಜಗಲಿಯ ಮೇಲೆ ಅವತ್ತು ಏಳೆಂಟು ಜನ ಕೂತಿದ್ದರು. ಅವನು ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. “ಗುಳಿ ಹೊನ್ನಾಜೀದೇ. ತಾರೀಖೂ ಐತೆ. ಆದ್ರೆ ನಿನ್ ಕೆನ್ನೆ?” ಎಂದ. “ಎರಡರಾಗೆ ಒಂದು ಮುಖ ಸುಳ್ಳು ಹೇಳ್ತೈತೆ ಕಣವ್ವ. ಯಾವುದು?” ನನ್ನದೂ ಡಾಕ್ಟರ ಹತ್ತಿರ ತುಂಬಿಸಿಕೊಂಡದ್ದು ಎಂದುಬಿಡಬಹುದಿತ್ತು, ಅಲ್ಲಿ ಕೆಲಸ ಮಾಡುವವಳು, ಎಲ್ಲರೂ ನಂಬುತ್ತಿದ್ದರು. ಆ ಮಾತು ಬಾಯಿಯ ತನಕ ಬಂದೂ ಇತ್ತು. ಆದರೆ ಫೋಟೋದಲ್ಲಿದ್ದ ಆ ಕೈ ಕಣ್ಣ ಮುಂದೆ ಬಂತು. ಇಷ್ಟೆಲ್ಲ ಆದ ಮೇಲೆ ಇನ್ನೊಂದು ಮುಚ್ಚಿಡುವುದು ನನ್ನಿಂದಾಗಲಿಲ್ಲ. “ಯಾವುದೂ ಸುಳ್ಳಲ್ಲ ಕಾಟಜ್ಜ. ಅವನು ಸತ್ತವ್ನೆ. ನನಗೆ ಬೀಳಲಿಲ್ಲ, ಅಷ್ಟೇ” ಎಂದೆ. ಜಗಲಿಯ ಮೇಲಿದ್ದ ಒಬ್ಬಳು ಥೂ ಎಂದಳು. ಕಾಟಜ್ಜ ಕಾಗದವನ್ನು ಮಡಚದೆ ಹುಷಾರಾಗಿ ನನ್ನ ಕೈಗೆ ಕೊಟ್ಟು, “ಗುರುವಾರ ಬತ್ತೀನಿ” ಎಂದ.

ಗುರುವಾರ ಅಂಗಳ ತುಂಬ ಜನ. ಹಾಲೇಶನಿಗೆ ಹೆಬ್ಬೆಟ್ಟಿಡಲು ಬಂದವರು ಎಷ್ಟೋ, ನನ್ನ ಕೆನ್ನೆ ನೋಡಲು ಬಂದವರು ಅದಕ್ಕಿಂತ ಹೆಚ್ಚು. ಫೋಟೋವನ್ನು ಮೊರಕ್ಕೆ ಅಂಟಿಸಿ ಮಣೆಯ ಮೇಲೆ ಇಟ್ಟಿದ್ದೆ, ಅತ್ತೆ ಅದರ ಪಕ್ಕದಲ್ಲಿ ಕೂತಿದ್ದರು. ಒಬ್ಬೊಬ್ಬರಾಗಿ ಬಂದು ಎಣ್ಣೆಯಲ್ಲಿ ಬೆರಳದ್ದಿ, ಕಾಗದದ ಗುಳಿಯ ಮೇಲಿಟ್ಟು “ಹಾಲೇಶ” ಎಂದರು. ಮರುಳಪ್ಪ ಮೇಷ್ಟ್ರು ಅವನಿಗೆ ಅಕ್ಷರ ಕಲಿಸಿದವರು, ಹಾಜರಿ ಕೂಗುವ ದನಿಯಲ್ಲೇ ಹೇಳಿದರು. ಒಂದೊಂದು ಹೆಸರಿಗೂ ಅತ್ತೆ ತಲೆದೂಗುತ್ತಿದ್ದರು. ಹೆಸರು ಹೇಳಿ ನನ್ನ ಮುಂದೆ ಹಾದುಹೋಗುವ ಹೆಂಗಸರು ಸೆರಗು ನನಗೆ ತಾಕದ ಹಾಗೆ ಎಳೆದುಕೊಳ್ಳುತ್ತಿದ್ದರು. ಶೀಬಮ್ಮ ಮಾತ್ರ ಒಂದು ಗಳಿಗೆ ನಿಂತು ನನ್ನನ್ನು ನೋಡಿದಳು, ನಾನೇ ಕಣ್ಣು ತಪ್ಪಿಸಿದೆ.

ಸಾಲು ಮುಗಿದ ಮೇಲೆ ನಾನು ಬಟ್ಟಲಿಗೆ ಕೈ ಚಾಚಿದೆ. ಕಾಟಜ್ಜ ಬಟ್ಟಲನ್ನು ಹಿಂದಕ್ಕೆಳೆದ. “ಮನೆಯೋರು ಇಡೋ ಹಂಗಿಲ್ಲ, ಹೊರಗಿನೋರು ಇಡೋದು ಇದು” ಎಂದ. “ನಾನೀಗ ಹೊರಗಿನೋಳೇ ಅಲ್ವಾ ಕಾಟಜ್ಜ, ಕೊಡಿ” ಎಂದೆ. ಅವನು ಜನರ ಕಡೆ ನೋಡಿದ, ಯಾರೂ ಏನೂ ಅನ್ನಲಿಲ್ಲ. ಬಟ್ಟಲು ಕೊಟ್ಟ. ಅಷ್ಟರಲ್ಲಿ ಎಣ್ಣೆ ಕುಡಿದು ಕುಡಿದು ಕಾಗದದ ಆ ಜಾಗ ತೆಳ್ಳಗಾಗಿ ಮೊರದ ಹೆಣಿಗೆ ಕಾಣುತ್ತಿತ್ತು. ಹೆಬ್ಬೆಟ್ಟಿಟ್ಟೆ. ಹೆಂಡತಿಯರು ಗಂಡನ ಹೆಸರು ಹೇಳುವ ವಾಡಿಕೆ ನಮ್ಮಲ್ಲಿಲ್ಲ, ನನ್ನ ಬಾಯಿಂದ ಆ ಹೆಸರು ಆ ತನಕ ಹೊರಗೆ ಬಿದ್ದದ್ದೇ ಇಲ್ಲ. “ಹಾಲೇಶ” ಎಂದೆ. ಬೇರೆಯವರು ಹೇಳಿದ ಹಾಗೆಯೇ ಕೇಳಿಸಿತು.

ಹಿಂದೆ ಸರಿಯುವಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದು ಜಗ್ಗಿದರು. “ಕೂತ್ಕೊ” ಎಂದರು. ತಮ್ಮ ಪಕ್ಕ ನೆಲದ ಮೇಲೆ ಕೂರಿಸಿಕೊಂಡರು. ಬಟ್ಟಲಿಗೆ ಬೆರಳದ್ದಿ, ಅಷ್ಟೂ ಜನರ ಎದುರಿಗೆ, ಹೆಬ್ಬೆಟ್ಟನ್ನು ನನ್ನ ತುಂಬಿದ ಕೆನ್ನೆಯ ಮೇಲಿಟ್ಟು ಒತ್ತಿದರು. ಹಲ್ಲಿಗೆ ತಾಕಿ ನೋಯುವಷ್ಟು ಒತ್ತಿದರು. “ಹಾಲೇಶ” ಎಂದರು. ಬೆರಳು ಸಡಿಲಿಸಿದಾಗ ಕೆನ್ನೆ ಮೇಲೆದ್ದು ಬಂತು, ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ಮತ್ತೆ ಒತ್ತಿದರು. ಈ ಸಲ ಸಡಿಲಿಸಲಿಲ್ಲ. ಅವರ ತೋಳು ನಡುಗುತ್ತಿತ್ತು, ಎಣ್ಣೆ ನನ್ನ ಗಲ್ಲದವರೆಗೂ ಇಳಿಯುತ್ತಿತ್ತು. “ಸಾಕು ಬಿಡಿ ಅತ್ತೆ, ಕೈ ನೋಯ್ತದೆ” ಎಂದೆ. “ಸುಮ್ಕೆ ಕೂತ್ಕೊ” ಎಂದರು. ಕಾಟಜ್ಜ ಬಟ್ಟಲು ಎತ್ತಿಕೊಂಡು ಹೋದ. ಜನ ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿದರು. ಕೊನೆಯವರು ಅಂಗಳ ದಾಟಿ ಹೋಗುವ ತನಕ ಅತ್ತೆ ನನ್ನ ಕೆನ್ನೆಯಿಂದ ಹೆಬ್ಬೆಟ್ಟು ತೆಗೆಯಲಿಲ್ಲ.